ಅಕ್ಷರ ಎಣಿಸಲು ಹೋಗಿ ಬೈಟ್ ಎಣಿಸಿದ ದಿನ

ಕನ್ನಡ ಪಠ್ಯವೊಂದರಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಲೆಕ್ಕ ಹಾಕುವ ಸಣ್ಣ ಜಾವಾ ಪ್ರೋಗ್ರಾಂ ಬರೆಯಲು ಕುಳಿತಾಗ, ಅದು ಅರ್ಧ ಗಂಟೆಯ ಕೆಲಸವೆಂದೇ ನಾನು ಭಾವಿಸಿದ್ದೆ. ಫೈಲನ್ನು ತೆರೆದು, ಅದರಲ್ಲಿರುವುದನ್ನು ತುಸುತುಸುವೇ ಓದಿಕೊಡುವ ಇನ್‌ಪುಟ್‌ಸ್ಟ್ರೀಮ್‌ನ ರೀಡ್ ಮೆಥಡನ್ನು ಮತ್ತೆ ಮತ್ತೆ ಕರೆದು, ಸಿಕ್ಕಿದ್ದನ್ನು ಅಕ್ಷರಗಳಿಗೆಂದೇ ಇರುವ ಚಾರ್ ಎಂಬ ಬಗೆಯ ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಫೈಲ್ ಮುಗಿಯಿತೆಂಬ ಗುರುತಾದ -1 ಬಂದ ಕೂಡಲೇ ಲೂಪ್ ನಿಲ್ಲಿಸಬೇಕು, ಯೋಜನೆ ಇಷ್ಟೇ. ಪರೀಕ್ಷೆಗೆಂದು ‘ಕನ್ನಡ’ ಎಂಬ ಒಂದೇ ಪದವಿದ್ದ ಫೈಲನ್ನು ಕೊಟ್ಟೆ. ಪ್ರೋಗ್ರಾಂ ಮುಗಿಯಲೇ ಇಲ್ಲ. ಲೂಪಿನೊಳಗೆ ಎಣಿಕೆಯನ್ನು ಮುದ್ರಿಸುವ ಸಾಲೊಂದನ್ನು ಸೇರಿಸಿ ನೋಡಿದರೆ, ಆ ಒಂದು ಪದದಲ್ಲಿ ಲಕ್ಷಗಟ್ಟಲೆ ಅಕ್ಷರಗಳು ಸಿಗುತ್ತಿದ್ದವು.

ರೀಡ್ ಮೆಥಡ್ ಬೈಟನ್ನಾಗಲಿ ಚಾರನ್ನಾಗಲಿ ಕೊಡದೆ ಇಂಟ್ (ದೊಡ್ಡ ಪೂರ್ಣಾಂಕ) ಕೊಡುವುದನ್ನು ನಾನು ಅದುವರೆಗೆ ವಿನ್ಯಾಸಕಾರರ ವಿಚಿತ್ರ ಅಭ್ಯಾಸವೆಂದುಕೊಂಡಿದ್ದೆ. ಒಂದು ಬೈಟಿಗೆ 0ಯಿಂದ 255ರವರೆಗೆ ಯಾವ ಬೆಲೆಯಾದರೂ ಇರಬಹುದಾದ್ದರಿಂದ, ‘ಇನ್ನು ಏನೂ ಉಳಿದಿಲ್ಲ’ ಎಂದು ತಿಳಿಸುವ -1ಕ್ಕೆ ಆ 256 ಬೆಲೆಗಳ ಆಚೆಗೆ ಜಾಗ ಬೇಕು. ನಾನಾದರೋ ಬಂದದ್ದನ್ನು ಹೋಲಿಸುವ ಮೊದಲೇ ಚಾರ್ ಆಗಿ ಪರಿವರ್ತಿಸುತ್ತಿದ್ದೆ. ಚಾರ್‌ನಲ್ಲಿ ಋಣ ಸಂಖ್ಯೆಗಳೇ ಇಲ್ಲ; -1 ಅಲ್ಲಿ 65535 ಆಗಿ ಕೂರುತ್ತದೆ, ಆ 65535 ಎಂದಿಗೂ -1ಕ್ಕೆ ಸಮವಾಗುವುದಿಲ್ಲ. ಚಾರ್ ಬದಲು ಬೈಟ್ ಬಳಸಿದ್ದರೆ ತಪ್ಪು ಇನ್ನೂ ನಯವಂಚಕವಾಗಿರುತ್ತಿತ್ತು: 255 ಎಂಬ ನಿಜವಾದ ಬೈಟೇ -1ರಂತೆ ಕಂಡು ಓದು ನಡುವೆಯೇ ನಿಲ್ಲುತ್ತಿತ್ತು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಸಂಕೇತಕ್ರಮವಾದ ಯುಟಿಎಫ್-8ರ ಪಠ್ಯದಲ್ಲಿ 255 ಬರುವುದೇ ಇಲ್ಲವಾದ್ದರಿಂದ, ಯಾರೋ ಒಬ್ಬರು ಚಿತ್ರದ ಫೈಲೊಂದನ್ನು ಕೊಡುವವರೆಗೆ ಅದು ಬಯಲಾಗುತ್ತಲೂ ಇರಲಿಲ್ಲ.

ಇಂಟ್‌ಗೆ ಬದಲಾಯಿಸಿದ ಮೇಲೆ ಲೂಪ್ ನಿಂತಿತು, ಆದರೆ ಎಣಿಕೆ 15 ಎಂದಿತು. ಒಂದೊಂದನ್ನೂ ಸಂಖ್ಯೆಯಾಗಿ ಮುದ್ರಿಸಿದೆ: 224, 178, 149, ಮತ್ತೆ 224, 178, 168, ಆಮೇಲೆ 224, 179, 141. ಮೊದಲ ಮೂರು ಸೇರಿದರೆ ‘ಕ’. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕೆಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಸ್ಟ್ರೀಮ್‌ನಿಂದ ಬರುವುದು ಅಕ್ಷರವೆಂದೇ ಕೈ ನಂಬಿಕೊಂಡಿತ್ತು.

ಇಲ್ಲಿಯೇ ನಾನು ಸರಿದಾರಿ ಹಿಡಿಯಬೇಕಿತ್ತು. ಅದರ ಬದಲು ಜಾಣತನ ತೋರಿಸಲು ಹೋಗಿ, 1024 ಬೈಟುಗಳ ಅರೇ (ಸಾಲು) ಒಂದನ್ನು ಮಾಡಿ, ಅದು ತುಂಬಿದಂತೆಲ್ಲ ಅದರಿಂದ ಒಂದು ಸ್ಟ್ರಿಂಗ್ (ಪಠ್ಯದ ತುಣುಕು) ಕಟ್ಟುತ್ತಾ ಹೋದೆ. ಚಿಕ್ಕ ಫೈಲಿನಲ್ಲಿ ಎಲ್ಲವೂ ಸರಿಯಾಗಿತ್ತು. ದೊಡ್ಡ ಫೈಲಿನಲ್ಲಿ ಮಾತ್ರ, ಪುಟಗಟ್ಟಲೆ ಶುದ್ಧ ಕನ್ನಡದ ನಡುವೆ ಅಲ್ಲೊಂದು ಇಲ್ಲೊಂದು ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿರುವ ಕಪ್ಪು ವಜ್ರಾಕೃತಿಗಳು ಕಾಣಿಸಿದವು. ಫೈಲೇ ಕೆಟ್ಟಿದೆಯೆಂದು ಎರಡು ಗಂಟೆ ಅದನ್ನೇ ಶಂಕಿಸಿದೆ. ಕೊನೆಗೆ ದಾರಿ ತೋರಿದ್ದು ಸರಳ ಭಾಗಾಕಾರ: 1024ನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಎಡೆಬಿಡದೆ ಕನ್ನಡವೇ ಇದ್ದಲ್ಲಿ 341 ಚಿಹ್ನೆಗಳು 1023 ಬೈಟುಗಳಲ್ಲಿ ಹಿಡಿಸಿ, ಮುಂದಿನದರ ಮೊದಲ ಬೈಟ್ ಈ ಕಂತಿನಲ್ಲಿಯೂ ಉಳಿದೆರಡು ಮುಂದಿನ ಕಂತಿನಲ್ಲಿಯೂ ಬೀಳುತ್ತವೆ. ಒಂದೇ ಬೈಟಿನ ಖಾಲಿ ಜಾಗಗಳು ನಡುನಡುವೆ ಸೇರಿಕೊಳ್ಳುವುದರಿಂದ ಕೆಲವು ಅಂಚುಗಳು ಅಕಸ್ಮಾತ್ತಾಗಿ ಸರಿಹೊಂದಿ, ತಪ್ಪಿಗೆ ಯಾವ ಕ್ರಮವೂ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ.

ಈ ತುಂಡುಗಳನ್ನು ಮುಂದಿನ ಕಂತಿಗೆ ಜೋಪಾನವಾಗಿ ದಾಟಿಸುವ ಕ್ಲಾಸ್ 1997ರಲ್ಲಿ ಬಂದ ಜಾವಾ 1.1ರಿಂದಲೂ ಇದೆ: ಇನ್‌ಪುಟ್‌ಸ್ಟ್ರೀಮ್‌ರೀಡರ್. ಅದು ಫೈಲನ್ನು ತಾನೇ ತೆರೆಯುವುದಿಲ್ಲ. ತನ್ನ ಕೈಗೆ ಕೊಟ್ಟ ಯಾವುದೇ ಇನ್‌ಪುಟ್‌ಸ್ಟ್ರೀಮ್‌ನ ಮೇಲೆ ಕುಳಿತು, ಕೆಳಗಿನಿಂದ ಬೈಟುಗಳನ್ನು ಪಡೆದು ಮೇಲಕ್ಕೆ ಚಾರ್‌ಗಳನ್ನು ಕೊಡುತ್ತದೆ. ಕೆಳಗಿರುವುದು ಫೈಲೋ ನೆಟ್‌ವರ್ಕೋ ಎಂಬುದು ಅದಕ್ಕೆ ಬೇಕಿಲ್ಲ. ಹಾಗಾಗಿ ಆ 15 ಬೈಟುಗಳನ್ನು ಕೈಯಾರೆ ಬರೆದು, ಬೈಟ್‌ಅರೇಇನ್‌ಪುಟ್‌ಸ್ಟ್ರೀಮ್‌ಗೆ ತುಂಬಿ, ಫೈಲೇ ಇಲ್ಲದೆ ಪರೀಕ್ಷಿಸಲು ಸಾಧ್ಯವಾಯಿತು. ಆಬ್ಜೆಕ್ಟ್‌ಗಳನ್ನು ಒಂದರ ಮೇಲೊಂದು ಹೊದಿಸುವ ಈ ಪದ್ಧತಿಯನ್ನು ಪಠ್ಯಪುಸ್ತಕದಲ್ಲಿ ಓದಿದಾಗ ನನಗೆ ಅದು ಬರಿಯ ಆಡಂಬರವೆನಿಸಿತ್ತು. ಸಂಕೇತಕ್ರಮ ಯುಟಿಎಫ್-8 ಎಂದು ಕನ್ಸ್ಟ್ರಕ್ಟರ್‌ನಲ್ಲಿ ಬಾಯಿಬಿಟ್ಟು ಹೇಳುವುದನ್ನೂ ಮರೆಯಲಿಲ್ಲ. 2022ರ ಜೆಡಿಕೆ 18ಕ್ಕಿಂತ (ಜಾವಾ 18ಕ್ಕಿಂತ) ಹಿಂದಿನ ಆವೃತ್ತಿಗಳಲ್ಲಿ, ಹೇಳದಿದ್ದರೆ ಆಯಾ ಯಂತ್ರದ ರೂಢಿಯೇ ಗತಿ.

ಈ ಸಲ ಎಣಿಕೆ 5 ಎಂದಿತು. ನಾವು ಬಾಯಲ್ಲಿ ಎಣಿಸಿದರೆ ‘ಕನ್ನಡ’ದಲ್ಲಿ ಇರುವುದು ಮೂರೇ ಅಕ್ಷರ, ರೀಡರ್‌ಗೆ ‘ನ್ನ’ ಎಂಬುದು ನಕಾರ, ಹಲಂತ ಚಿಹ್ನೆ, ಮತ್ತೊಂದು ನಕಾರ. ಅದನ್ನು ಒಂದಾಗಿಸುವುದು ಸ್ಟ್ರೀಮ್ ಓದುವವನ ಕೆಲಸವಲ್ಲ, ಅದಕ್ಕೆ ಬೇರೆಯೇ ನಿಯಮಗಳು ಬೇಕು. ಕತ್ತಲಾಗಿತ್ತು. ಫಲಿತಾಂಶದ ಪಟ್ಟಿಯ ಮೇಲಿದ್ದ ‘ಅಕ್ಷರ’ ಎಂಬ ಪದವನ್ನು ಅಳಿಸಿ ‘ಯೂನಿಕೋಡ್ ಚಿಹ್ನೆ’ ಎಂದು ಬರೆದು, ಪ್ರೋಗ್ರಾಮನ್ನು ಹಾಗೆಯೇ ಉಳಿಸಿಕೊಂಡೆ.