ಫ್ಲೆಕ್ಸ್ ಇನ್ನೂ ಇದ್ಯಾ?

ಹಿಂದಿನ ರಾತ್ರಿಯೇ ಡ್ರೈವರ್‌ಗೆ ಹೇಳಿಟ್ಟಿದ್ದೆ. 'ನಾಳೆ ಮೇಲಿನ ರಸ್ತೆಯಲ್ಲೇ ಬಾ. ಹೊತ್ತಾದರೂ ಪರವಾಗಿಲ್ಲ, ಲೈನಿನ ದಾರಿ ಬೇಡ.' ಅವನು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ರಸ್ತೆ ಚೆನ್ನಾಗಿಲ್ಲ ಎನ್ನುತ್ತಿದ್ದೆ. ಅದೇನೂ ಸುಳ್ಳಲ್ಲ. ಆದರೆ ಕಾರಣ ಅದಲ್ಲ.

ನಾನು ಕೆಲಸ ಮಾಡುವುದು ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಸಾಮಾಜಿಕ ಜವಾಬ್ದಾರಿಗೆ ಅಂತಲೇ ಒಂದು ಕೇಂದ್ರ ಇದೆ. ಹೆಸರು ಉದ್ದ, ಜಾಗ ಚಿಕ್ಕದು. ಎರಡು ಕೋಣೆ, ನಾಲ್ಕು ಜನ. ನನ್ನನ್ನು ಸಂಯೋಜಕ ಅಂತಾರೆ. ವ್ಯಾನ್ ಗೊತ್ತುಮಾಡುವುದು, ಊಟಕ್ಕೆ ಹೇಳುವುದು, ಫ್ಲೆಕ್ಸ್ ಮಾಡಿಸುವುದು, ಎಲ್ಲ ಮುಗಿದ ಮೇಲೆ ಸಭೆಯ ನಡಾವಳಿ ಬರೆಯುವುದು, ಇಷ್ಟೇ ಸಂಯೋಜನೆ.

ಕೇಂದ್ರಕ್ಕೊಂದು ಸಲಹಾ ಮಂಡಳಿ. ಅದರಲ್ಲಿ ಉದ್ಯಮದ ಆರು ಜನ. ಪೀಣ್ಯದಲ್ಲಿ ಗಾರ್ಮೆಂಟ್ಸ್ ನಡೆಸುವ ಮೇಡಂ, ಸಾಫ್ಟ್‌ವೇರ್ ಕಂಪನಿಯ ಎಚ್‌ಆರ್ ಮುಖ್ಯಸ್ಥರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಒಬ್ಬರು, ಇನ್ನಿಬ್ಬರು ಕಾರ್ಖಾನೆಯವರು. ಆರನೆಯವರು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟ ಇರುವವರು. ನಮ್ಮಪ್ಪ ಅವರ ತೋಟದ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವರು. ನನಗೆ ಈ ಕೆಲಸ ಸಿಗುವುದರಲ್ಲಿ ಸಾಹುಕಾರ್ರ ಒಂದು ಫೋನ್ ಕರೆಯೂ ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಂಥ ಕೇಂದ್ರಗಳು ಯಾಕೆ ಹುಟ್ಟಿಕೊಂಡವು ಅಂದರೆ, ಕಾನೂನಿನಿಂದ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ. ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿಯೂ ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ 2% ಸಮಾಜಕ್ಕೆ ಖರ್ಚು ಮಾಡಬೇಕು. ಕಂಪನಿಗಳ ಹತ್ತಿರ ದುಡ್ಡಿದೆ, ಎಲ್ಲಿ ಹಾಕಬೇಕು ಗೊತ್ತಿಲ್ಲ. ವಿಶ್ವವಿದ್ಯಾಲಯದಲ್ಲಿ ಓಡಾಡುವ ಹುಡುಗರಿದ್ದಾರೆ, ದುಡ್ಡಿಲ್ಲ. ಇಬ್ಬರಿಗೂ ಗಂಟು ಬಿತ್ತು.

2025ರ ಜನವರಿಯ ಸಭೆ ಕೊಡಗಿನಲ್ಲೇ ಆಗಲಿ ಎಂದವರು ಸಾಹುಕಾರ್ರು. ತೋಟದ ಬಂಗಲೆಯಲ್ಲಿ ಸಭೆ, ರಾತ್ರಿ ನದಿ ಪಕ್ಕದ ಹೋಂಸ್ಟೇಯಲ್ಲಿ ವಾಸ. ಎಲ್ಲರಿಗೂ ಖುಷಿ. ನನಗೆ ಮಾತ್ರ ಆ ಲೈನಿನ ಚಿಂತೆ. ಬಂಗಲೆಗೆ ಎರಡು ದಾರಿ. ಮೇಲಿನದು ಸಿಲ್ವರ್ ಓಕ್ ಸಾಲಿನ ನಡುವೆ ಬರುತ್ತದೆ, ಫೋಟೋ ತೆಗೆಯುವಂಥ ದಾರಿ. ಕೆಳಗಿನದು ತೋಟದ ಆಳುಗಳ ಲೈನ್ ಮನೆಗಳ ಮುಂದೆಯೇ ಹಾದು ಬರುತ್ತದೆ. ಸಾಮಾಜಿಕ ಜವಾಬ್ದಾರಿಯ ಸಭೆಗೆ ಬರುವವರು ಯಾವ ದಾರಿಯಲ್ಲಿ ಬರಬೇಕು ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ತೀರ್ಮಾನ ಮಾಡಿದ್ದೆ.

ಆನೆಗೆ ಇದೆಲ್ಲ ಗೊತ್ತಿರಲಿಲ್ಲ.

ಮೇಲಿನ ರಸ್ತೆಯ ತಿರುವಿನಲ್ಲಿ ಅರಣ್ಯ ಇಲಾಖೆಯ ಜೀಪು ನಿಂತಿತ್ತು. ವಾಚರ್ ಕೈ ಅಡ್ಡ ಹಿಡಿದ. 'ಐದು ಉಂಟು ಸಾರ್, ಜೊತೆಗೆ ಮರಿ. ಕೆರೆ ಹತ್ರ ನಿಂತಿದೆ. ಒಂದು ಗಂಟೆ ಆಗ್ಬಹುದು, ಸಂಜೆನೂ ಆಗ್ಬಹುದು.' ರಸ್ತೆಯ ಮೇಲೆ ಲದ್ದಿ ಬಿದ್ದಿತ್ತು, ಇನ್ನೂ ಹಬೆ ಆಡುತ್ತಿತ್ತು. ಅದರ ತುಂಬ ಕಾಫಿ ಬೀಜ. ಹಣ್ಣು ತಿಂದು ಬೀಜವನ್ನು ಹಾಗೇ ಬಿಟ್ಟುಹೋಗಿದ್ದವು. ಬ್ಯಾಂಕಿನವರು ಬಗ್ಗಿ ನೋಡಿ, 'ಪಿಕಿಂಗ್ ಕೂಲಿ ಇಲ್ಲ, ಪಲ್ಪಿಂಗ್ ಖರ್ಚಿಲ್ಲ' ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕೈ ಮಾತ್ರ ಫೋನ್ ಹುಡುಕುತ್ತಿತ್ತು.

ಸಾಹುಕಾರ್ರು ಫೋನಿನಲ್ಲಿ ಒಂದು ಕ್ಷಣ ಸುಮ್ಮನಾದರು. ಆಮೇಲೆ, 'ಸರಿ, ಲೈನ್ ಕಡೆಯಿಂದಲೇ ಕರ್ಕೊಂಡು ಬಾ' ಎಂದರು. ಆ ಸುಮ್ಮನಾದದ್ದು ಯಾಕೆ ಅಂತ ನನಗೆ ಗೊತ್ತು. ನನಗೆ ಗೊತ್ತಿದೆ ಅಂತ ಅವರಿಗೂ ಗೊತ್ತು.

ಮೋರಿ ಹತ್ತಿರ ವ್ಯಾನ್ ನಿಂತಿತು. ಅಲ್ಲಿಂದ ನಡಿಗೆ. ರೊಬಸ್ಟಾ ಕೊಯ್ಲಿನ ಕಾಲ. ಕಣದಲ್ಲಿ ಹಣ್ಣು ಒಣಗುವ ಹುಳಿಸಿಹಿ ವಾಸನೆ ದಾರಿವರೆಗೂ ಬರುತ್ತಿತ್ತು. ಲೈನ್ ಅಂದರೆ ಒಂದೇ ಗೋಡೆಗೆ ಅಂಟಿಕೊಂಡ ಮನೆಗಳ ಸಾಲು. ನಮ್ಮಲ್ಲಿ ಹನ್ನೆರಡು ಮನೆ, ಎರಡು ಸಾಲಿನಲ್ಲಿ. ಒಂದು ಕೋಣೆ, ಹಿಂದೆ ಅಡುಗೆಗೆ ಜಾಗ, ಮುಂದೆ ಜಗಲಿ. ನಾನು ಚಿಕ್ಕವನಿದ್ದಾಗ ಎಲ್ಲ ಮನೆಯಲ್ಲೂ ಗೊತ್ತಿರುವವರೇ. ಈಗ ಅರ್ಧದಷ್ಟು ಅಸ್ಸಾಂ ಕಡೆಯವರು. ಯಾವುದೋ ಮನೆಯೊಳಗೆ ಮೊಬೈಲಿನಲ್ಲಿ ಅವರ ಭಾಷೆಯ ಹಾಡು ಕೇಳುತ್ತಿತ್ತು.

ಮೂರನೇ ಮನೆಯ ಅಕ್ಕ ಜಗಲಿಯಲ್ಲಿ ಸೌದೆ ಸೀಳುತ್ತಿದ್ದರು. ಅಕ್ಕ ಅಂದರೂ ನಮ್ಮಮ್ಮನ ವಯಸ್ಸು. ಮಂಡಿನೋವು ಬಂದ ಮೇಲೆ ಕೊಯ್ಲಿಗೆ ಹೋಗುವುದಿಲ್ಲ. ನನ್ನನ್ನು ಕಂಡದ್ದೇ ಕತ್ತಿ ಕೆಳಗಿಟ್ಟರು.

'ಏನ್ ಮಗಾ, ಈ ಕಡೆ ದಾರಿ ಗೊತ್ತುಂಟಾ ನಿಂಗೆ?'

ತಮಾಷೆಗೇ ಅಂದದ್ದು. ಆದರೂ ಚುರ್ ಅಂತು. ನಾನು ಏನೋ ಹೇಳಲು ಹೋಗುವಷ್ಟರಲ್ಲಿ ಗಾರ್ಮೆಂಟ್ಸ್ ಮೇಡಂ ಜಗಲಿ ಹತ್ತಿದ್ದರು. ತಲೆ ಎತ್ತಿ ಮೇಲೆ ನೋಡಿದವರು ಹಾಗೇ ನಿಂತುಬಿಟ್ಟರು.

ಮಾಡಿನ ಹೆಂಚು ಅಲ್ಲಲ್ಲಿ ಹೋಗಿತ್ತು. ಅದರಡಿಗೆ ಒಂದು ಫ್ಲೆಕ್ಸ್ ಎಳೆದು ಕಟ್ಟಿದ್ದರು. ಬಿಳಿ ಕಡೆ ಮೇಲೆ, ಬಣ್ಣದ ಕಡೆ ಕೆಳಗೆ. ಹಿಂದಿನ ವರ್ಷದ ನಮ್ಮದೇ ಫ್ಲೆಕ್ಸ್. ಕೇಂದ್ರದ ಹೆಸರು, ಲೋಗೋ, ಸಲಹಾ ಮಂಡಳಿಯ ಆರೂ ಜನರ ಫೋಟೋ. ಆರು ಮುಖಗಳೂ ಸೌದೆ ರಾಶಿಯನ್ನೂ ಅದರ ಪಕ್ಕದ ಹೇಂಟೆಯನ್ನೂ ನಗುತ್ತಾ ನೋಡುತ್ತಿದ್ದವು. ಮೇಡಂ ಅವರ ಮುಖದ ಬಲಗಡೆ ಹೊಗೆ ಹಿಡಿದು ಕಂದಾಗಿತ್ತು. ಸಾಹುಕಾರ್ರ ಹಣೆಯ ಹತ್ತಿರ ತಂತಿ ತೂರಿಸಿ ರೀಪಿಗೆ ಬಿಗಿದಿದ್ದರು.

ಅದನ್ನು ಕಳಿಸಿದವನು ನಾನೇ. ಅಪ್ಪನ ಆಜ್ಞೆ. ಸಭೆ ಮುಗಿದ ಮೇಲೆ ಫ್ಲೆಕ್ಸ್ ಬಿಸಾಡಬೇಡ, ಊರಿಗೆ ಕಳಿಸು, ಯಾರಿಗಾದರೂ ಆಗ್ತದೆ. ಕಟ್ಟು ಕಟ್ಟಿ ಬಸ್ಸಿಗೆ ಹಾಕುತ್ತಿದ್ದೆ. ಎಲ್ಲಿಗೆ ಹೋಗುತ್ತದೆ ಅಂತ ಕೇಳಿರಲಿಲ್ಲ.

ಮೇಡಂ ಮೇಲೆ ನೋಡುವುದನ್ನು ಕಂಡು ಅಕ್ಕನಿಗೆ ಹೆಮ್ಮೆ. 'ಭಾರಿ ಗಟ್ಟಿ ಫ್ಲೆಕ್ಸ್ ಅಮ್ಮಾ. ಹೋದ ಮಳೆಗಾಲಕ್ಕೆ ಒಂದು ಹನಿ ಇಳೀಲಿಲ್ಲ.' ನನ್ನ ಕಡೆ ತಿರುಗಿ, 'ಇನ್ನೂ ಇದ್ಯಾ ಮಗಾ? ಪಕ್ಕದವರಿಗೂ ಬೇಕಂತೆ' ಎಂದರು.

ಯಾರೂ ಮಾತಾಡಲಿಲ್ಲ. ಮೇಡಂ ಕನ್ನಡ ಚೆನ್ನಾಗಿ ಬಲ್ಲವರು. ಅವರಿಗೆ ಅರ್ಥವಾಗದೆ ಹೋಗಿದ್ದರೆ ನಾನು ಹೇಗೋ ತೇಲಿಸಿಬಿಡುತ್ತಿದ್ದೆ.

ಬಂಗಲೆಯಲ್ಲಿ ಕಾಫಿ ಕುಡಿದು ಸಭೆ ಶುರುವಾಯಿತು. ಮೊದಲು ಸಮಾಜಕಾರ್ಯ ಓದುವ ನಮ್ಮ ಎಂಎಸ್‌ಡಬ್ಲ್ಯು ಹುಡುಗರ ವರದಿ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ ಕಡೆ ಮನೆಗಳು ಮುಳುಗಿದ್ದವು. ಅಲ್ಲಿನ ಜನರನ್ನು ಮಾತಾಡಿಸಿಕೊಂಡು ಬಂದಿದ್ದರು. ಎಚ್‌ಆರ್ ಸಾಹೇಬರು ಟ್ಯಾಬ್ಲೆಟ್ ಕೊಡೋಣ, ಸ್ಮಾರ್ಟ್ ಕ್ಲಾಸ್ ಮಾಡೋಣ ಎಂದರು. ಪ್ರತಿ ಸಭೆಯಲ್ಲೂ ಅನ್ನುತ್ತಾರೆ. ಕೆಟ್ಟ ಮನುಷ್ಯ ಅಲ್ಲ. ಅವರ ಕೈಯಲ್ಲಿರುವ ಔಷಧಿ ಅದೊಂದೇ, ಅಷ್ಟೇ. ಬ್ಯಾಂಕಿನವರು ಮಾರ್ಚ್ ತಿಂಗಳ ಕಥೆ ಹೇಳಿದರು. ವರ್ಷವಿಡೀ ಸುಮ್ಮನಿದ್ದ ಕಂಪನಿಗಳು ಫೆಬ್ರವರಿ ಕೊನೆಗೆ ಓಡಿಬಂದು 'ಏನಾದರೂ ಒಂದು ಮಾಡಿ, ಬಿಲ್ ಕೊಡಿ' ಅನ್ನುತ್ತವಂತೆ. 2021ರಲ್ಲಿ ನಿಯಮ ಬಿಗಿಯಾದ ಮೇಲೆ, ನಡೆಯುತ್ತಿರುವ ಯೋಜನೆಯಲ್ಲಿ ಉಳಿದ ಹಣವನ್ನು ಬೇರೆ ಖಾತೆಗೆ ಹಾಕಿ 3 ವರ್ಷದೊಳಗೆ ಖರ್ಚು ಮಾಡಬಹುದು. 'ಅದಕ್ಕೇ ಹುಡುಗರಿಗೆ 3 ವರ್ಷದ ಕೆಲಸ ಯೋಚಿಸೋದು ಕಲಿಸಿ. ಒಂದು ದಿನದ ಕ್ಯಾಂಪ್ ಯಾರು ಬೇಕಾದ್ರೂ ಮಾಡ್ತಾರೆ' ಎಂದರು. ಸುಂಟಿಕೊಪ್ಪದ 'ಸ್ವಸ್ಥ' ವಿಶೇಷ ಶಾಲೆಯನ್ನು ನೋಡಿ ಬನ್ನಿ, ಒಂದೇ ಕೆಲಸ ಹಿಡಿದು ವರ್ಷಗಟ್ಟಲೆ ಮಾಡುವುದು ಅಂದರೆ ಏನು ಅಂತ ತಿಳಿಯುತ್ತೆ ಎಂದರು. ಈ ಮಾತನ್ನು ನಾನು ಅಕ್ಷರಬಿಡದೆ ಬರೆದುಕೊಂಡೆ.

ಆಗ ಮೇಡಂ ಪೆನ್ನು ಕೆಳಗಿಟ್ಟರು. 'ಆ ಮಾಡಿನ ವಿಷಯ ಮಾತಾಡೋಣ್ವಾ?'

ಎಚ್‌ಆರ್ ಸಾಹೇಬರಿಗೆ ಉತ್ಸಾಹ ಬಂತು. ನಮ್ಮ ಕಂಪನಿಯ ನಿಧಿಯಿಂದಲೇ ಮಾಡಿಸಬಹುದಲ್ಲ, ಹನ್ನೆರಡು ಮನೆ ಏನು ಮಹಾ? 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರಿನಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಮನೆ ಕಟ್ಟಿಕೊಡಲಿಲ್ವಾ?

ಬ್ಯಾಂಕಿನವರು ತಲೆ ಆಡಿಸಿದರು. ಅದು ಬೇರೆ, ಇದು ಬೇರೆ. ಅಲ್ಲಿಯವರ ಮನೆ ಗುಡ್ಡದ ಜೊತೆ ಹೋಗಿತ್ತು. ಇಲ್ಲಿಯವರು ಒಬ್ಬರ ಕೆಲಸದಾಳುಗಳು. ಕಂಪನಿಯೊಂದು ತನ್ನ ನೌಕರರಿಗೆ ಮಾಡುವ ಅನುಕೂಲ 2%ರ ಲೆಕ್ಕಕ್ಕೆ ಬರುವುದೇ ಇಲ್ಲ, ನಿಯಮದಲ್ಲೇ ಇದೆ. 'ಇನ್ನೊಬ್ಬರ ಆಳುಗಳ ಮನೆಗೆ ನೀವು ಹಾಕಿದ್ರೆ, ನಿಮ್ಮ ದುಡ್ಡಲ್ಲಿ ಅವರ ಕೆಲಸ ಆದ ಹಾಗೆ.'

ನನಗಂತೂ ಈ ನಿಯಮ ಸರಿ ಅನ್ನಿಸುತ್ತದೆ. ಇಲ್ಲದಿದ್ದರೆ ಕಾರ್ಖಾನೆಯ ಕ್ಯಾಂಟೀನಿನ ಇಡ್ಲಿಯನ್ನೂ ಸಮಾಜಸೇವೆಗೆ ಬರೆದುಬಿಡುತ್ತಾರೆ.

ಮೇಡಂ ತಮ್ಮ ಕಥೆ ಹೇಳಿಕೊಂಡರು. 30ಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡುವ ಕಾರ್ಖಾನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು ಎನ್ನುತ್ತಿತ್ತು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ. ಅವರು ಒಂದು ವರ್ಷ ಆ ಕೋಣೆಗೆ ಬಣ್ಣ ಹೊಡೆಸಿ, ತೊಟ್ಟಿಲು ತಂದು, ಎಲ್ಲವನ್ನೂ ಸಾಮಾಜಿಕ ಜವಾಬ್ದಾರಿಯ ಖಾತೆಗೆ ಹಾಕಿಸಿದ್ದರಂತೆ. ಆಡಿಟರ್ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ. 'ಆವತ್ತು ನನಗೆ ಕೋಪ ಬಂತು. ನಾಚಿಕೆ ಆಗಿದ್ದು ಎಷ್ಟೋ ಆಮೇಲೆ.'

ಸಾಹುಕಾರ್ರು ಅಷ್ಟು ಹೊತ್ತಿಗೆ ಬಾಯಿ ಬಿಟ್ಟರು. 'ನಮ್ಮದು ಕಂಪನಿ ಅಲ್ವಲ್ಲ. ಕುಟುಂಬದ ತೋಟ.' ದನಿಯಲ್ಲಿ ಜಗಳ ಇರಲಿಲ್ಲ. ರೇಟು ಬಿದ್ದ ವರ್ಷಗಳು, ಬೋರರ್ ಹುಳ ಬಂದು ಅರೇಬಿಕಾ ಕಿತ್ತದ್ದು, ಆಳು ಸಿಗದೆ ಹಣ್ಣು ಗಿಡದಲ್ಲೇ ಕಪ್ಪಾದದ್ದು, ಎಲ್ಲ ಹೇಳಿದರು. ಒಂದೂ ಸುಳ್ಳಲ್ಲ. ಆದರೆ ಅದು ಕಾಫಿಗೆ ಹಿಂದೆಂದೂ ಕಾಣದ ರೇಟು ಬಂದ ವರ್ಷ ಎನ್ನುವುದನ್ನು ಹೇಳಲಿಲ್ಲ. ಅದೂ ಸುಳ್ಳಲ್ಲ.

ಬ್ಯಾಂಕಿನವರು ಮೆಲ್ಲಗೆ ಅಂದರು: '1951ರ ಪ್ಲಾಂಟೇಷನ್ ಕಾಯ್ದೆ ಕಾಲದಿಂದ್ಲೂ ಆಳುಗಳಿಗೆ ಮನೆ, ನೀರು ಕೊಡೋದು ತೋಟದವರ ಮೇಲೇ ಇದೆ ಸಾರ್. ನನ್ನ ಕೇಳಿದ್ರೆ ಇದು ದಾನದ ಖಾತೆ ಅಲ್ಲ. ಬಾಕಿ ಖಾತೆ.'

ನಾನು ಪೆನ್ನು ಹಿಡಿದು ಕೂತಿದ್ದೆ. ಬರೆಯಲೋ ಬೇಡವೋ? ನಮ್ಮ ನಿರ್ದೇಶಕರು ನನ್ನ ಕಡೆ ನೋಡಿ ಕಣ್ಣಿನಲ್ಲೇ ಬೇಡ ಎಂದರು. ನಾನು ಪುಟ ತಿರುಗಿಸಿದೆ.

ಮಧ್ಯಾಹ್ನ ಕಡಂಬುಟ್ಟು, ಪಂದಿಕರಿ. ಊಟಕ್ಕೆ ಏನೂ ಹೇಳುವ ಹಾಗಿಲ್ಲ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಮಾಡಿನ ಮಾತನ್ನು ಯಾರೂ ಎತ್ತಲಿಲ್ಲ.

ಊಟ ಆದ ಮೇಲೆ ಪಠ್ಯದ ಚರ್ಚೆ. ಹುಡುಗರನ್ನು ಮೊದಲ ಸೆಮಿಸ್ಟರಿನಲ್ಲೇ ಹಳ್ಳಿಗೆ ಕಳಿಸುವುದು ಬೇಡ, ಮೊದಲು ಸಂಬಳದ ಪುಸ್ತಕ ಓದುವುದು ಕಲಿಸಿ ಎಂದು ಮೇಡಂ ಹಟ ಹಿಡಿದರು. ಹುಡುಗರಿಗೆ ಅದೇನೆಂದೇ ಗೊತ್ತಿರಲಿಲ್ಲ. ಸಾಹುಕಾರ್ರು ಎದ್ದರು. 'ರೈಟರ್ನ ಕರೀರಿ. ಚೆಕ್‌ರೋಲ್ ತರೋದಕ್ಕೆ ಹೇಳಿ.'

ಅಪ್ಪ ಬಂದರು. ಚೆಕ್‌ರೋಲ್ ಪುಸ್ತಕಕ್ಕೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಹೊದಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮೂವತ್ತು ವರ್ಷ ಅದೇ ಬಂಗಲೆಯ ಮೆಟ್ಟಿಲಲ್ಲಿ ನಿಂತು ಲೆಕ್ಕ ಒಪ್ಪಿಸಿದವರು. ಒಳಗಿನ ಹಾಲಿಗೆ ಬಂದದ್ದು ನಾನು ನೋಡಿದಂತೆ ಅದೇ ಮೊದಲು. ನಾನು ಎದ್ದು ನನ್ನ ಕುರ್ಚಿ ಸರಿಸಿದೆ. ಅವರು ಕೂರಲಿಲ್ಲ. ನಿಂತೇ ತೋರಿಸಿದರು. ಇದು ಹಾಜರಿ. ಇದು ಕೊಯ್ದ ಹಣ್ಣಿನ ತೂಕ. ಇದು ಮುಂಗಡ. ಇದು ಮುಂಗಡದಲ್ಲಿ ಹಿಡಿದದ್ದು. ಒಬ್ಬ ಹುಡುಗಿ ಕೇಳಿದಳು, 'ಅಂಕಲ್, ಇವರ ಮುಂಗಡ ಯಾಕೆ ಜೂನ್‌ನಲ್ಲೇ ಜಾಸ್ತಿ ಇದೆ?' ಅಪ್ಪ ಸಾಹುಕಾರ್ರ ಮುಖ ನೋಡಿದರು. ಆಮೇಲೆ ಪುಸ್ತಕ ನೋಡಿಕೊಂಡೇ ಹೇಳಿದರು.

'ಮಳೆಗೆ ಮೊದ್ಲು ಟಾರ್ಪಾಲ್ ತಗೊಳ್ತಾರಮ್ಮ. ಮಾಡಿಗೆ.'

ಸಂಜೆ ಐದಕ್ಕೆ ಸಭೆ ಮುಗಿಯಿತು. ಆನೆಗಳೂ ಅಷ್ಟೊತ್ತಿಗೆ ಕೆರೆ ಬಿಟ್ಟು ಹೋಗಿದ್ದವು. ವ್ಯಾನ್ ಮೇಲಿನ ರಸ್ತೆಯಲ್ಲೇ ವಾಪಸ್ ಹೋಯಿತು.

ನಡಾವಳಿಯಲ್ಲಿ ನಾನು ಬರೆದದ್ದು, 'ಸ್ಥಳೀಯ ವಸತಿ ಸಮಸ್ಯೆಗಳ ಬಗ್ಗೆ ವಿಚಾರ ವಿನಿಮಯ ನಡೆಯಿತು.' ಇಂಥ ವಾಕ್ಯ ಬರೆಯುವುದರಲ್ಲಿ ನಾನು ಪಳಗಿದ್ದೇನೆ. ಸಂಬಳದ ಪುಸ್ತಕ ಮಾತ್ರ ಪಠ್ಯಕ್ಕೆ ಬಂತು. ಅದಕ್ಕೆ ಮೇಡಂ ಅವರ ಹಟವೇ ಕಾರಣ.

ಮೇ ತಿಂಗಳ ನಡುವಿನಲ್ಲಿ ಅಪ್ಪ ಫೋನ್ ಮಾಡಿದರು. ಪಿಕಪ್‌ನಲ್ಲಿ ಶೀಟು ಬಂದಿದೆಯಂತೆ. ಮುಂದಿನ ಸಾಲಿನ ಆರು ಮನೆಗೆ ಹೊದಿಸುತ್ತಿದ್ದಾರಂತೆ. ಆ ವರ್ಷ ಮಳೆ ಮೇ ಕೊನೆಯಲ್ಲೇ ಹಿಡಿದುಕೊಂಡಿತು, ಅಷ್ಟರಲ್ಲಿ ಆರೂ ಮುಗಿದಿತ್ತು. ಸಾಹುಕಾರ್ರು ನಮ್ಮ ಕೇಂದ್ರಕ್ಕೆ ಒಂದು ಮಾತೂ ಹೇಳಲಿಲ್ಲ, ಮುಂದಿನ ಸಭೆಯಲ್ಲೂ ಎತ್ತಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಗೌರವ ಜಾಸ್ತಿಯೇ ಆಯಿತು. ಹಿಂದಿನ ಸಾಲಿನ ಆರು ಮನೆ ಹಾಗೇ ಇದೆ. ರಸ್ತೆಗೆ ಕಾಣುವುದು ಮುಂದಿನ ಸಾಲು.

ಫೆಬ್ರವರಿಯಲ್ಲಿ ಊರಿಗೆ ಹೋಗಿದ್ದಾಗ ಕೆಳಗಿನ ದಾರಿಯಲ್ಲೇ ಹೋದೆ. ಅಕ್ಕ ಫ್ಲೆಕ್ಸನ್ನು ತೊಳೆದು ಅಂಗಳದಲ್ಲಿ ಹಾಸಿ ಮೆಣಸು ಒಣಗಿಸುತ್ತಿದ್ದರು. ಮುಖಗಳೆಲ್ಲ ನೆಲದ ಕಡೆ. 'ಬಣ್ಣ ಮೆಣಸಿಗೆ ಹಿಡೀಬಾರ್ದಲ್ಲ' ಎಂದರು. ಕಾಫಿ ಕೊಟ್ಟರು. ಹೊರಡುವಾಗ, 'ಹಿಂದಿನ ಸಾಲಿನವ್ರು ಕೇಳ್ತಾ ಇದ್ದಾರೆ ಮಗಾ, ನೆನಪಿಟ್ಕೋ' ಎಂದರು.

ಈ ಸಲದ ಸಭೆ ಬೆಂಗಳೂರಿನಲ್ಲೇ. ಫ್ಲೆಕ್ಸ್ ಅಂಗಡಿಗೆ ಹೋಗಿ 20 ಅಡಿ ಉದ್ದ, 10 ಅಡಿ ಅಗಲ, ದಪ್ಪ ಕ್ವಾಲಿಟಿ ಎಂದೆ. ಅಂಗಡಿಯ ಹುಡುಗ ಹಳೇ ಬಿಲ್ ತೆಗೆದು ನೋಡಿದ.

'ನಿಮ್ಮ ಹಾಲ್ ಅಷ್ಟು ದೊಡ್ಡದಿಲ್ವಲ್ಲ ಸಾರ್?'