ಕಂತುಗಳಲ್ಲಿ ಕಟ್ಟಿದ ಕಾದಂಬರಿಗಳು

ಯಹೂದಿ ಕಥೆಗಾರ ಐಸಾಕ್ ಬಾಶೆವಿಸ್ ಸಿಂಗರ್ 1935ರಲ್ಲಿ ಪೋಲೆಂಡಿನಿಂದ ನ್ಯೂಯಾರ್ಕಿಗೆ ಬಂದ ಮೇಲೂ ಪೂರ್ವ ಯುರೋಪಿನ ಯಹೂದಿಗಳ ಆಡುಭಾಷೆಯಾದ ಯಿಡ್ಡಿಷನ್ನು ಬಿಡದೆ, ಅಲ್ಲಿನ ‘ಫೋರ್ವರ್ಟ್ಸ್’ ಪತ್ರಿಕೆಗೆ ದಶಕಗಳ ಕಾಲ ಬರೆದರು. ಅವರ ಹಲವು ಕಾದಂಬರಿಗಳು ಮೊದಲು ಅಲ್ಲಿಯೇ ಧಾರಾವಾಹಿಗಳಾಗಿ ಬಂದವು. ಲೇಖನಗಳನ್ನು ವಾರ್ಶೋಫ್ಸ್ಕಿ ಎಂಬ ಬೇರೆ ಹೆಸರಿನಲ್ಲಿ ಬರೆಯುತ್ತಿದ್ದರು. ಗಡುವು ಎದುರಿಗಿರುವಾಗ ಸ್ಫೂರ್ತಿಗಾಗಿ ಕಾಯುವಂತಿಲ್ಲ. ಓದುಗರನ್ನು ಮುಂದಿನ ಕಂತಿನವರೆಗೆ ಹಿಡಿದಿಡುವ ಅವರ ಕಥನಕಲೆ ಪಳಗಿದ್ದು ಈ ದುಡಿಮೆಯಲ್ಲಿಯೇ ಎಂದು ನಾನು ನಂಬುತ್ತೇನೆ. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಬದಿಯಡ್ಕದಲ್ಲಿ, ಬಸ್ಸಿನ ಫಲಕಗಳನ್ನು ಹೆಚ್ಚಾಗಿ ಮಲಯಾಳದಲ್ಲಿಯೇ ಓದಬೇಕಾದ ಊರಿನಲ್ಲಿ ಕುಳಿತು ಕನ್ನಡ ಕಥೆ ಬರೆಯುವ ನನಗೆ, 1978ರಲ್ಲಿ ಅವರಿಗೆ ಸಂದ ನೊಬೆಲ್ ಪ್ರಶಸ್ತಿಗಿಂತ, ಯಿಡ್ಡಿಷ್ ಆಡುತ್ತಿದ್ದ ಲಕ್ಷಾಂತರ ಜನರನ್ನು ನಾಜಿಗಳು ಕೊಂದ ಬಳಿಕವೂ ಅವರು ಯಿಡ್ಡಿಷ್ ಅಕ್ಷರಗಳ ಬೆರಳಚ್ಚು ಯಂತ್ರದ ಮುಂದೆ ಕುಳಿತು ಬರೆಯುತ್ತಲೇ ಹೋದದ್ದು ಹೆಚ್ಚಿನದಾಗಿ ಕಾಣುತ್ತದೆ.