ಮಿಂಚುಳ್ಳಿಯ ಎರಡು ನೀಲಿಗಳೂ ಕೊನೆಗೆ ಕಾಗದಕ್ಕೆ ಇಳಿದವು

ಮಿಂಚುಳ್ಳಿ ಫೋಟೋದ ಪ್ರಿಂಟ್ ಸರಿಹೋಯಿತು! ಎ3 ಅಳತೆ, ಬ್ಯಾರಿಟಾ ಕಾಗದ (ಬೇರಿಯಂ ಸಲ್ಫೇಟ್ ಲೇಪದ ಹೊಳಪು ಕಾಗದ), ಪಿಗ್ಮೆಂಟ್ ಇಂಕ್. ಬೆನ್ನ ನಡುವೆ ಹಾದುಹೋಗುವ ಹೊಳೆಯುವ ತಿಳಿನೀಲಿ ಪಟ್ಟಿ, ರೆಕ್ಕೆಯ ಕಡುನೀಲಿ ಎರಡೂ ಒಂದೇ ಹಾಳೆಯಲ್ಲಿ ತಮ್ಮ ತಮ್ಮ ಬಣ್ಣ ಉಳಿಸಿಕೊಂಡಿವೆ. ಗರಿಯ ಎಳೆಗಳನ್ನು ಬೇಕಾದರೆ ಎಣಿಸಬಹುದು. ನಾಝಲ್ ಚೆಕ್, ಮಾನಿಟರ್ ಕ್ಯಾಲಿಬ್ರೇಶನ್, ಡ್ರೈವರ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆಫ್ ಮಾಡುವುದು ಎಲ್ಲರಿಗೂ ಗೊತ್ತಿರುವುದೇ, ಅದನ್ನೆಲ್ಲ ಬಿಟ್ಟು ನೇರ ನೀಲಿಗೇ ಬರೋಣ.

ಕಾಟ ಹೀಗಿತ್ತು. ಪರದೆಯಲ್ಲಿ ಜೀವಂತವಾಗಿದ್ದ ಹಕ್ಕಿ ಕಾಗದಕ್ಕೆ ಬಂದಾಗ ಬೆನ್ನು ಚಪ್ಪಟೆ, ರೆಕ್ಕೆ ನೇರಳೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸಿದರೆ ಬೆನ್ನಿನ ಕಳೆ ಹೋಗುತ್ತದೆ, ಏರಿಸಿದರೆ ರೆಕ್ಕೆ ಇನ್ನಷ್ಟು ನೇರಳೆಗೆ ಜಾರುತ್ತದೆ. ಒಂದೇ ಸ್ಲೈಡರ್‌ನಲ್ಲಿ ಎರಡನ್ನೂ ಸರಿಪಡಿಸಲು ಹೊರಟರೆ ಇಂಕ್ ಖಾಲಿಯಾಗುತ್ತದೆ, ಕೆಲಸ ಆಗುವುದಿಲ್ಲ. ಇವು ಎರಡು ಬೇರೆ ಕಾಯಿಲೆ, ಔಷಧವೂ ಬೇರೆ.

ಮೊದಲು ಬೆನ್ನು. ಮಿಂಚುಳ್ಳಿಯ ಎದೆಯ ಕಿತ್ತಳೆ ವರ್ಣದ್ರವ್ಯದಿಂದ ಬಂದದ್ದು, ಬೆನ್ನಿನ ನೀಲಿ ಹಾಗಲ್ಲ. ಗರಿಯೆಳೆಯೊಳಗೆ ಕೆರಾಟಿನ್ (ಗರಿಯ ಪ್ರೋಟೀನ್) ಮತ್ತು ಗಾಳಿ ಸೇರಿ ಸ್ಪಂಜಿನಂಥ ಸೂಕ್ಷ್ಮ ರಚನೆ ಇರುತ್ತದೆ. ಅದು ಬೆಳಕನ್ನು ಚದುರಿಸಿದಾಗ ಆ ನೀಲಿ ಹುಟ್ಟುತ್ತದೆ. ಕೆಂಪು ಅಂಶ ತೀರಾ ಕಡಿಮೆ ಇರುವ, ಬಹಳ ಶುದ್ಧವಾದ ಬಣ್ಣ ಅದು. ಕಡತವನ್ನು ಎಸ್‌ಆರ್‌ಜಿಬಿಗೆ (ಪರದೆಗಳ ಸಾಮಾನ್ಯ, ಕಿರಿದಾದ ಬಣ್ಣವ್ಯಾಪ್ತಿ) ಇಳಿಸಿದ ಕ್ಷಣ ಆ ಜಾಗದಲ್ಲೆಲ್ಲ ಕೆಂಪು ಚಾನೆಲ್ (ಚಿತ್ರದ ಕೆಂಪು ಅಂಶದ ಪದರ) ಸೊನ್ನೆಗೆ ಬಡಿದು ನಿಲ್ಲುತ್ತದೆ. ಎಳೆಗಳ ನಡುವಿನ ಏರಿಳಿತದ ಒಂದು ದೊಡ್ಡ ಪಾಲು ಆ ಚಾನೆಲ್‌ನಲ್ಲಿತ್ತು. ಅದು ಅಲ್ಲಿಗೆ ಮುಗಿಯಿತು. ಹೊಟ್ಟೆ ಉರಿಯುವ ಸಂಗತಿ ಎಂದರೆ, ಎಸ್‌ಆರ್‌ಜಿಬಿ ಹಿಡಿಯಲಾಗದ ಆ ಸಯಾನ್‌ನಲ್ಲಿ (ಹಸಿರು ಬೆರೆತ ತಿಳಿನೀಲಿ) ಎಷ್ಟೋ ಭಾಗವನ್ನು ಒಳ್ಳೆಯ ಇಂಕ್‌ಜೆಟ್ ಸಲೀಸಾಗಿ ಹಿಡಿಯುತ್ತದೆ. ಪ್ರಿಂಟರ್‌ಗೆ ಸಿಗುವ ಮೊದಲೇ ನಾವು ಬಣ್ಣವನ್ನು ಎಸೆದಿರುತ್ತೇವೆ.

ಆದ್ದರಿಂದ ರಾ ಕಡತದಿಂದ (ಕ್ಯಾಮೆರಾದ ಮೂಲ ಕಡತ) 16 ಬಿಟ್ ಟಿಫ್, ಎಸ್‌ಆರ್‌ಜಿಬಿಗಿಂತ ಬಹಳ ಅಗಲವಾದ ಪ್ರೊಫೋಟೋ ಆರ್‌ಜಿಬಿ ಬಣ್ಣವ್ಯಾಪ್ತಿ, ಪ್ರಿಂಟ್ ಆಗುವವರೆಗೆ ಅದೇ. ಮಾನಿಟರ್ ಬರೀ ಎಸ್‌ಆರ್‌ಜಿಬಿ ತೋರಿಸುವಂಥದ್ದಾದರೆ ಕಣ್ಣನ್ನು ನಂಬಬೇಡಿ, ವ್ಯತ್ಯಾಸ ಅಲ್ಲಿ ಕಾಣುವುದೇ ಇಲ್ಲ. ಬೆನ್ನನ್ನಷ್ಟೇ ಸೆಲೆಕ್ಟ್ ಮಾಡಿ ಕೆಂಪು ಚಾನೆಲ್‌ನ ಹಿಸ್ಟೋಗ್ರಾಮ್ ನೋಡಿ. ಎಡಗೋಡೆಗೆ ಒತ್ತರಿಸಿ ನಿಂತಿದ್ದರೆ ವಿವರ ಹೋಯಿತೆಂದೇ ಅರ್ಥ.

ರೆಕ್ಕೆಯದು ಇದಕ್ಕೆ ಉಲ್ಟಾ. ಕಡುನೀಲಿಯಲ್ಲಿ ಸೋಲುವುದು ಇಂಕೇ. ಸಯಾನ್ ಮೇಲೆ ಮಜೆಂಟಾ ಕೂಡಿಸಿ ನೀಲಿ ಮಾಡಬೇಕು, ಅದಕ್ಕೊಂದು ಮಿತಿ ಇದೆ. ಮಿತಿ ಮೀರಿದ ಬಣ್ಣವನ್ನು ಐಸಿಸಿ ಪ್ರೊಫೈಲ್ (ಪ್ರಿಂಟರ್ ಮತ್ತು ಕಾಗದಕ್ಕೆ ಬಣ್ಣ ಹೊಂದಿಸುವ ಕಡತ) ಲ್ಯಾಬ್ ಎಂಬ ಬಣ್ಣ ಅಳೆಯುವ ಪದ್ಧತಿಯ ಲೆಕ್ಕದಲ್ಲಿ ಒಳಗೆ ಎಳೆಯುತ್ತದೆ. ಲ್ಯಾಬ್‌ನ ನೀಲಿ ಭಾಗದಲ್ಲಿ ಒಂದು ಓರೆ ಇದೆ: ಹ್ಯೂ (ಬಣ್ಣದ ಛಾಯೆ) ಕೋನವನ್ನು ಹಾಗೇ ಇಟ್ಟು ಗಾಢತೆಯನ್ನಷ್ಟೇ ತಗ್ಗಿಸಿದರೆ ನಮ್ಮ ಕಣ್ಣಿಗೆ ಅದು ನೇರಳೆಯಾಗಿ ಕಾಣುತ್ತದೆ. ಪ್ರಿಂಟರ್ ಕೆಟ್ಟಿದೆ ಎಂದು ಹೆಡ್ ಕ್ಲೀನಿಂಗ್ ಹಾಕಿ ಇಂಕ್ ಸುರಿಯುವುದರಲ್ಲಿ ಅರ್ಥವಿಲ್ಲ.

ಫಲ ಕೊಟ್ಟ ದಾರಿ ಇದು. ಕಾಗದದ ಪ್ರೊಫೈಲ್ ಹಾಕಿ ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತದೆಂದು ಪರದೆಯಲ್ಲೇ ನೋಡುವುದು), ಗ್ಯಾಮಟ್ ವಾರ್ನಿಂಗ್ (ಪ್ರಿಂಟ್‌ಗೆ ಸಿಗದ ಬಣ್ಣಗಳ ಗುರುತು) ಆನ್. ರೆಕ್ಕೆಗೆ ಮಾತ್ರ ಮಾಸ್ಕ್ (ಬದಲಾವಣೆ ಅಷ್ಟೇ ಜಾಗಕ್ಕೆ ತಾಗುವಂತೆ ಗುರುತು) ಹಾಕಿ ನೀಲಿಯ ಹ್ಯೂ ಸ್ಲೈಡರ್ ಅನ್ನು ಸಯಾನ್ ಕಡೆಗೆ 8ರಿಂದ 12 ಸರಿಸಿ, ಸ್ಯಾಚುರೇಶನ್ ಸುಮಾರು 10 ಇಳಿಸಿ. ವಾರ್ನಿಂಗ್ ಪೂರ್ತಿ ಅಳಿಯುವವರೆಗೆ ಇಳಿಸಬೇಡಿ, ಚೂರುಪಾರು ಉಳಿದರೂ ಪರವಾಗಿಲ್ಲ. ಬೆನ್ನಿಗೆ ಬೇರೆ ಮಾಸ್ಕ್: ಅಲ್ಲಿ ಸ್ಯಾಚುರೇಶನ್ ಮುಟ್ಟದೆ ಲೂಮಿನನ್ಸ್ (ಬಣ್ಣದ ಬೆಳಕು) ಸ್ವಲ್ಪ ತಗ್ಗಿಸಿ, ಟೆಕ್ಸ್ಚರ್ ಸ್ವಲ್ಪ ಏರಿಸಿ. ರೆಂಡರಿಂಗ್ ಇಂಟೆಂಟ್ (ಮಿತಿ ಮೀರಿದ ಬಣ್ಣಗಳನ್ನು ಒಳಗೆ ತರುವ ವಿಧಾನ) ಪರ್ಸೆಪ್ಚುವಲ್, ಅಂದರೆ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಸ್ವಲ್ಪ ಕುಗ್ಗಿಸುವಂಥದ್ದು. ರಿಲೇಟಿವ್ ಎಂಬ ಇನ್ನೊಂದು ವಿಧಾನದಲ್ಲಿ ಹೊರಗುಳಿದ ಬಣ್ಣಗಳೆಲ್ಲ ಅಂಚಿಗೆ ಬಂದು ಒಂದರ ಮೇಲೊಂದು ಕೂರುತ್ತವೆ, ಎಳೆಗಳು ಕಲಸಿಹೋಗುತ್ತವೆ. ಪರ್ಸೆಪ್ಚುವಲ್‌ನಲ್ಲಿ ಎದೆಯ ಕಿತ್ತಳೆ ತುಸು ಮಂಕಾಗುವುದುಂಟು. ಆ ಭಾಗಕ್ಕೆ ಪ್ರತ್ಯೇಕವಾಗಿ ಸ್ವಲ್ಪ ಎತ್ತಿಕೊಟ್ಟರೆ ಸಾಕು.

ಇಡೀ ಚಿತ್ರವನ್ನು ಪರೀಕ್ಷೆಗೆ ಪ್ರಿಂಟ್ ಹಾಕುವುದು ದಂಡ. ಬೆನ್ನು, ರೆಕ್ಕೆ, ಎದೆ ಮೂರೂ ಬರುವಂತೆ ಒಂದು ಪಟ್ಟಿ ಕತ್ತರಿಸಿ, ಅದೇ ಕಾಗದದ ಮೇಲೆ, ಕೊನೆಯ ಪ್ರಿಂಟ್‌ನ ಅಳತೆಯಲ್ಲೇ ತೆಗೆಯಿರಿ. ಅಳತೆ ಚಿಕ್ಕದಾದರೆ ಎಳೆಗಳು ಉಳಿದಿವೆಯೋ ಇಲ್ಲವೋ ತಿಳಿಯದು. ಒಂದು ದಿನ ಒಣಗಲು ಬಿಟ್ಟು, 5000 ಕೆಲ್ವಿನ್, ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕ) 95ರ ಆಸುಪಾಸಿನ ದೀಪದಡಿ ನೋಡಿ.

ಇನ್ನು ಕಾಗದ ಮಾರುವವರ ವಿಷಯ. ಮ್ಯಾಟ್ ಕಾಗದದಲ್ಲಿ ಈ ಹಕ್ಕಿ ಆಗುವುದಿಲ್ಲ, ಕಪ್ಪಿಗೆ ಆಳ ಸಾಲದು, ನೀಲಿಯೂ ಸೊರಗುತ್ತದೆ. ಬ್ಯಾರಿಟಾ ಬೇಕು ಎಂದು ಕೊಂಡರೆ, ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಎಷ್ಟಿದೆ ಎಂದು ಪೊಟ್ಟಣದ ಮೇಲೆ ಒಂದು ಗೆರೆಯೂ ಇಲ್ಲ. ಆ ರಾಸಾಯನಿಕ ನೇರಳಾತೀತ ಬೆಳಕನ್ನು ಹೀರಿ ನೀಲಿಯಾಗಿ ಹೊರಬಿಡುತ್ತದೆ. ಕಿಟಕಿ ಪಕ್ಕ ಬೆಳ್ಳಗಿದ್ದ ಕಾಗದ, ನೇರಳಾತೀತ ತೀರಾ ಕಡಿಮೆಯಿರುವ ಎಲ್‌ಇಡಿ ಕೆಳಗೆ ಹಳದಿಗೆ ತಿರುಗುತ್ತದೆ, ಹಿನ್ನೆಲೆಯ ನಸುಬೂದು ಕೆಡುತ್ತದೆ. ಅಗ್ಗದ ಯುವಿ ಟಾರ್ಚ್ ಬಿಟ್ಟು ನೋಡಿ: ನೀಲಿಯಾಗಿ ಜಗಜಗಿಸಿದರೆ ರಾಸಾಯನಿಕ ಹೆಚ್ಚಿದೆ. ಅವರು ಕೊಡುವ ಐಸಿಸಿ ಪ್ರೊಫೈಲ್ ಬೇರೆಯದೇ ಮಾದರಿಯ ಪ್ರಿಂಟರ್‌ಗೆ ಮಾಡಿದ್ದಾದರೆ ನೀಲಿಯ ವಿಷಯದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಇಷ್ಟು ದುಡ್ಡು ಕೊಟ್ಟು ಕೊಂಡವರಿಗೆ ಇಷ್ಟಾದರೂ ಮಾಹಿತಿ ಕೊಡಬೇಡವೇ?

ಮುಂದಿನದು ಬೆಟ್ಟಸಾಲು. ಬೆಳಗಿನ ಮಂಜಿನಲ್ಲಿ ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ಪದರಗಳ ಚಿತ್ರ, ಮೂರು ಹಾಳೆಯಷ್ಟು ಅಗಲ. ಇಲ್ಲಿ ಮ್ಯಾಟ್ ಹತ್ತಿ ಕಾಗದವೇ ಚೆನ್ನ, ಕಡುಕಪ್ಪಿನ ಹಂಗೇ ಇಲ್ಲವಲ್ಲ. ತೊಂದರೆ ಕೊಡುವುದು ಆಕಾಶ: ಕೊನೆಯ ಬೆಟ್ಟಕ್ಕೂ ಅದರ ಹಿಂದಿನ ಬಾನಿಗೂ ಇರುವ ಅಂತರ ಕೆಲವೇ ಹಂತ, 8 ಬಿಟ್‌ನಲ್ಲಿ ಅದು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. 16 ಬಿಟ್‌ನಲ್ಲೇ ಉಳಿದು, ಆಕಾಶಕ್ಕೆ ಕಂಡೂ ಕಾಣದಷ್ಟು ಗ್ರೇನ್ (ಸಣ್ಣ ಚುಕ್ಕೆಗಳ ಒರಟು) ಸೇರಿಸಿ ಮೊದಲ ಪಟ್ಟಿ ತೆಗೆಯಬೇಕು. ಗ್ರೇನ್ ಹಾಕುವುದು ಪ್ರಿಂಟ್ ಅಳತೆಗೆ ರೀಸೈಜ್ ಮಾಡಿದ ಮೇಲೆಯೇ. ಮೊದಲೇ ಹಾಕಿ ಆಮೇಲೆ ಕುಗ್ಗಿಸಿದರೆ ಅದು ನುಣ್ಣಗಾಗಿ ಪಟ್ಟೆಗಳು ಮತ್ತೆ ಎದ್ದು ಬರುತ್ತವೆ.